ಸೆಂಟಿಮೀಟರಿಗೆ ಹನ್ನೆರಡು ಟನ್

ಬೆಳಗಿನ ಐದಕ್ಕೆ ರೇಡಿಯೊ ಅಂಕಿ ಓದುತ್ತದೆ:
ಮಾಕ್ಸೌ, ಕೌಬ್, ಕೊಲೋನ್, ರೂರೋರ್ಟ್.
ದೇವರ ಹೆಸರಿಗೂ ನಾನು ಇಷ್ಟು ಕಿವಿಗೊಟ್ಟವಳಲ್ಲ.
ಕೌಬ್: ಐವತ್ತೊಂದು.
ನಿನ್ನೆ ಐವತ್ಮೂರಿತ್ತು.
ಸೀಟ್ಸೆ ಕಾಫಿ ಕಲಕುವುದನ್ನು ಅಲ್ಲಿಗೇ ನಿಲ್ಲಿಸಿದ.

ರೈನ್ ನದಿಗೆ ಬೇರೆಲ್ಲ ಕಡೆ ಆಳವಿದೆ.
ಕೌಬ್ ಅದರ ಗಂಟಲು.
ತುತ್ತು ಎಷ್ಟೇ ದೊಡ್ಡದಿರಲಿ
ಇಳಿಯಬೇಕಾದ್ದು ಅಲ್ಲೇ.

ನೂರಹತ್ತು ಮೀಟರ್ ಉದ್ದದವಳು ನಮ್ಮ ಟ್ರಿನೆಟ್.
ಹೊಟ್ಟೆ ಒಂದು ಸೆಂಟಿಮೀಟರ್ ಕೆಳಗಿಳಿದರೆ
ಹನ್ನೆರಡು ಟನ್ ಸರಕು.
ಬಾರ್ಜಿನಲ್ಲೇ ಹುಟ್ಟಿ ಬೆಳೆದ ನನಗೆ
ಮರೆಯದೆ ಉಳಿದ ಮಗ್ಗಿ ಇದೊಂದೇ.
ಎರಡೂವರೆ ಸಾವಿರ ಟನ್ ಹೊರುವವಳು
ಈ ಸಲ ಹೊತ್ತದ್ದು ಆರುನೂರ ನಲವತ್ತು:
ಸ್ವೀಡನ್ನಿನ ಮರದ ತಿರುಳು, ಒಣಗಿಸಿ, ಬಿಗಿದು ಕಟ್ಟಿದ್ದು.
ಮೇಲೆಲ್ಲೋ ಅದು ರಟ್ಟಾಗುತ್ತದೆ, ಪೆಟ್ಟಿಗೆಯಾಗುತ್ತದೆ,
ಯಾರದೋ ಚಪ್ಪಲಿ, ಯಾರದೋ ಗಡಿಯಾರ ತುಂಬಿಕೊಂಡು
ಮತ್ತೊಂದು ಬಾರ್ಜ್ ಹತ್ತುತ್ತದೆ.

ಮಾನ್‌ಹೈಮಿನಿಂದ ಗೆರ್ನೋಟ್ ಫೋನು ಮಾಡಿದ.
ಮಿಲ್ಲಿನಲ್ಲಿ ನಾಲ್ಕೇ ದಿನದ ದಾಸ್ತಾನಂತೆ.
ರೈಲು ಸಿಕ್ಕರೆ ಡ್ರೈವರಿಲ್ಲ,
ನಾವು ಬಿಟ್ಟುಬಂದದ್ದನ್ನು ತರಲು ಎಪ್ಪತ್ತೈದು ಲಾರಿ.
"ಹೊಗೆಯ ಲೆಕ್ಕ ಬರೆಯುವ ಹುಡುಗಿ
ಊಟ ಬಿಟ್ಟು ಕೂತಿದ್ದಾಳೆ, ಫ್ರೌಕ್ಯೆ,
ವರ್ಷವೆಲ್ಲ ಉಳಿಸಿದ್ದು ಒಂದು ಆಗಸ್ಟಿಗೆ ಹೋಯಿತು."
ನಮ್ಮ ಗೋಡೆಯ ಮೇಲೂ ಒಂದು ಪ್ರಮಾಣಪತ್ರವಿದೆ,
ಮೂಲೆಯಲ್ಲಿ ಹಸಿರೆಲೆಯ ಚಿತ್ರ.
ಒಬ್ಬಳ ಕೆಲಸಕ್ಕೆ ನಾಲ್ವರು ಡೀಸೆಲ್ ಕುಡಿಯುವ ಈ ತಿಂಗಳು
ಅದನ್ನು ಗೋಡೆಗೆ ಮುಖಮಾಡಿ ತಿರುಗಿಸಿಟ್ಟಿದ್ದೇನೆ.

ಡ್ಯೂಸ್‌ಬರ್ಗಿನಲ್ಲಿ ಹಗುರಾಗಲು ನಿಂತೆವು.
ಡೆಕ್ಕಿನ ಮೇಲಿನ ಕಾರನ್ನು ನೆವ್‌ಜಾತ್
ಕ್ರೇನಿನಲ್ಲಿ ಎತ್ತಿ ದಡಕ್ಕಿಟ್ಟ, ಹಸುಗೂಸಿನ ಹಾಗೆ.
ಕುಡಿಯುವ ನೀರು ಅರ್ಧ ಸುರಿದೆವು,
ಮತ್ತೆಲ್ಲಿಗೆ, ಹೊಳೆಗೇ.
ಹಳೆ ಲಂಗರು, ತುಕ್ಕು ಹಿಡಿದ ಸರಪಳಿ,
ಅತ್ತೆಯ ಹೊಲಿಗೆ ಯಂತ್ರ,
ಒಮ್ಮೆಯೂ ಬಿಡಿಸದ ವಿಶ್ವಕೋಶದ ಹದಿನಾರು ಸಂಪುಟ.
"ಗಂಡನನ್ನೂ ಇಳಿಸಲೇ?" ಎಂದ ನೆವ್‌ಜಾತ್.
ಸೀಟ್ಸೆ ನಗಲಿಲ್ಲ. ಬೆರಳು ಮಡಿಚಿ ಕೂಡಿಸುತ್ತಿದ್ದ.
ಎರಡು ಟನ್ನಿಗೆ ತುಸು ಮೇಲೆ.
ಅಂದರೆ, ಎರಡು ಮಿಲಿಮೀಟರಿಗೆ ಕೂದಲೆಳೆ ಕಡಿಮೆ.
ಇಪ್ಪತ್ತಾರು ವರ್ಷದ ಸಂಸಾರ:
ಹೊಳೆಗೆ ನಾವು ಇಷ್ಟೇ ಭಾರವಾಗಿದ್ದೆವು.

ಹೇಳಬಾರದ್ದೂ ಒಂದಿದೆ.
ನೀರು ಇಳಿದಷ್ಟೂ ಬಾಡಿಗೆ ಏರುತ್ತದೆ;
ಕಾಲು ಹೊರೆ ಹೊತ್ತು, ಕೆಲವು ವಾರ,
ತುಂಬು ಹೊರೆಗಿಂತ ಹೆಚ್ಚು ಗಳಿಸಿದ್ದೇವೆ.
ಹೊಸ ಎಂಜಿನ್ನಿನ ಸಾಲದಲ್ಲಿ ಮೂರು ಕಂತು
ಈ ಬತ್ತಿದ ನೀರೇ ತೀರಿಸಿತು.
ಆಲ್ಪ್ಸಿನಲ್ಲಿ ಮಳೆಯಾಗಲಿ ಎನ್ನುವಾಗ
ನಾಲಿಗೆ ಎಲ್ಲೋ ತಡೆದಂತಾಗುತ್ತದೆ.
ಸೀಟ್ಸೆಯದೂ.
ನಾವಿಬ್ಬರೂ ಆ ಮಾತು ಎತ್ತಿಲ್ಲ.

ಕೌಬ್ ಬಂತು. ನಡಿಗೆಯ ವೇಗ.
ಯಾವತ್ತೂ ಕಾಣದ ಬಂಡೆಗಳು ಬೆನ್ನು ಒಣಗಿಸಿಕೊಳ್ಳುತ್ತಿವೆ.
ಯಂತ್ರ ತಳದ ದೂರ ತೋರಿಸುತ್ತದೆ:
ಮೂವತ್ತು. ಇಪ್ಪತ್ತಾರು. ಇಪ್ಪತ್ತಾರು. ಹದಿನೆಂಟು.
ಕೆಳಗೆ ಜಲ್ಲಿ ಉರುಳುವ ಸದ್ದು
ಪಾದದಿಂದ ಏರಿ ಹಲ್ಲಿಗೆ ಬಂತು.
ಮೊನ್ನೆ ವಸಂತದಲ್ಲಿ ನಾವು ತುಂಬಿ ಹಾದುಹೋದಲ್ಲಿ
ಒಬ್ಬ ಹುಡುಗ ಚಡ್ಡಿ ಮಡಿಚಿ ನಿಂತಿದ್ದಾನೆ,
ಹರಡಿನವರೆಗೆ ನೀರು.
ಬಾಯಿಗೆ ಕೈ ಹಿಡಿದು ಕೂಗಿದ:
"ಅಡಿಯಲ್ಲಿ ಎಷ್ಟುಳಿದಿದೆ?"

ಒಂದು ಕೈ ಚುಕ್ಕಾಣಿಯ ಮೇಲಿತ್ತು,
ಇನ್ನೊಂದನ್ನು ಎತ್ತಿ
ಹೆಬ್ಬೆರಳು ಕಿರುಬೆರಳು ಅಗಲಿಸಿ
ಗೇಣು ತೋರಿಸಿದೆ.

ಅವನಿಗೆ ಬಿಸಿಲು ಎದುರಿತ್ತು.
ನಾನು ಕೈಬೀಸಿದೆ ಎಂದುಕೊಂಡು
ಅವನೂ ಬೀಸಿದ.