ಹನ್ನೆರಡನೆಯ ಅಂಗಿ

ಸಂಪಂಗಿರಾಮನಗರದ ಈ ಒಳಾಂಗಣದಲ್ಲಿ ಬೆಳಿಗ್ಗೆ ಆರಕ್ಕೆ
ದೀಪಗಳು ಒಂದೇ ಸಲಕ್ಕೆ ಹೊತ್ತಿಕೊಳ್ಳುವುದಿಲ್ಲ.
ಮೊದಲು ಗುಂಯ್ ಎಂಬ ಸದ್ದು, ಆಮೇಲೆ ನೇರಳೆ,
ಆಮೇಲೆ ನಾವು.

ಹದಿನಾಲ್ಕು ಜನ. ಅಂಗಿ ಹನ್ನೆರಡು.
ಚಿಕ್ಕಪೇಟೆಯಲ್ಲಿ ಹೊಲಿದು ಮುಗಿದಿದೆಯಂತೆ,
ಹನ್ನೊಂದರ ಬೆನ್ನಿಗೆ ಹೆಸರೂ ಅಂಟಿದೆಯಂತೆ,
ಒಂದರ ಬೆನ್ನು ಮಾತ್ರ ಬೋಳು.
ಸುದ್ದಿ ತಂದವಳು ನೀರಿನ ಕ್ಯಾನು ಹೊರುವ ಮುನಿರತ್ನಮ್ಮ.
ಕೋಚ್ ಚೆಂಗಪ್ಪನವರ ಬಾಯಿಂದ
ಸೀಟಿಯ ಹೊರತು ಏನೂ ಹೊರಬಿದ್ದಿಲ್ಲ.

ಆ ಬೋಳು ಬೆನ್ನಿಗೆ ನಾವು ಮೂವರು.
ಕೊಟ್ಟಾಯಂನ ಲಿಯಾ, ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸುವವಳು.
ಟ್ಯಾನರಿ ರಸ್ತೆಯ ತಸ್ಮಿಯಾ, ಹತ್ತೊಂಬತ್ತು ತುಂಬಿಲ್ಲ,
ನನ್ನದೇ ಜಾಗದವಳು, ನನ್ನದೇ ಕೋಣೆಯವಳು,
ನನ್ನದೇ ಮಂಡಿಪಟ್ಟಿ ಕಡ ತೊಟ್ಟು ನನ್ನನ್ನೇ ದಾಟಿ ಓಡುವವಳು.
ಮತ್ತೆ ನಾನು: ಮೂವತ್ತೊಂದು,
ರೈಲ್ವೆ ಪಾರ್ಸೆಲ್ ಆಫೀಸು, ಸೋಮವಾರಕ್ಕೆ ರಜೆ ಮುಗಿಯುತ್ತದೆ.

ಕೊನೆಯ ಅಭ್ಯಾಸ ಪಂದ್ಯ. ನಲವತ್ತು ಸೆಕೆಂಡು ಬಾಕಿ.
ಚೆಂಡು ನನ್ನ ಕೈಲಿ. ಎದುರಿಗೆ ಯಾರೂ ಇಲ್ಲ ಎನ್ನುವಷ್ಟು ಜಾಗ.
ಎನ್ನುವಷ್ಟು, ಅಷ್ಟೇ.
ಕಣ್ಣಂಚಿಗೆ ಬಿದ್ದದ್ದು ರಿಂಗಿನ ಕೆಳಗೆ ತಸ್ಮಿಯಾ,
ಒಬ್ಬಳೇ, ಅಂಗೈ ತೆರೆದು, ಬಾಯಿ ಮುಚ್ಚಿ.
ಕೂಗಲಿಲ್ಲ ಅವಳು.
ಕೂಗಿದ್ದರೆ ಕೊಡುತ್ತಿರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ,
ಯಾಕೆ ಬರುವುದಿಲ್ಲವೆಂದು ಈಗ ಗೊತ್ತು:
ಕೈಯೇ ಕೊಟ್ಟುಬಿಡುತ್ತದೆ, ತಲೆಯನ್ನು ಕೇಳುವುದಿಲ್ಲ.
ಹದಿನೇಳು ವರ್ಷ ಮಲ್ಲೇಶ್ವರದ ಸಿಮೆಂಟು ಅಂಕಣದಲ್ಲಿ
ಇಬ್ಬನಿಗೆ ಜಾರಿ, ಮೊಣಕೈ ತರಚಿ ಕಲಿತದ್ದು
ಮಣಿಕಟ್ಟಿಗೆ ಇಳಿದು ಕೂತಿದೆ:
ಖಾಲಿ ಇದ್ದವಳಿಗೆ ಚೆಂಡು.
ನೆಲಕ್ಕೆ ಒಂದು ಪುಟ, ಅವಳ ಕೈ, ಗಾಜಿಗೆ ಮೆಲ್ಲಗೆ ತಾಗಿ
ಒಳಗೆ. ಒದ್ದೆ ಸೀರೆ ಒಮ್ಮೆ ಝಾಡಿಸಿದ ಹಾಗೆ ಬಲೆಯ ಸದ್ದು.
ಕಾಗದದಲ್ಲಿ ಅವಳಿಗೆ ಎರಡು ಅಂಕ.
ನನ್ನ ಸಾಲಿನಲ್ಲಿ ಪೆನ್ಸಿಲ್ಲಿನ ಒಂದು ಗೀಟು.

ಆ ರಾತ್ರಿ, ಹೇಳಿಬಿಡುತ್ತೇನೆ,
ಅವಳ ಕಾಲು ಉಳುಕಲಿ ಎಂದು ಬೇಡಿಕೊಂಡೆ.
ದೊಡ್ಡದಾಗಿ ಅಲ್ಲ. ಒಂದು ವಾರದ ಮಟ್ಟಿಗೆ.
ಆಮೇಲೆ ನಿದ್ದೆ ಬಾರದೆ ಎದ್ದು
ಬೆವರಿಗೆ ನೆನೆದ ಮಂಡಿಪಟ್ಟಿಯನ್ನು
ಬೆಳಿಗ್ಗೆ ಅವಳಿಗೆ ಬೇಕಾಗುತ್ತದೆಂದು ಫ್ಯಾನಿನ ಕೆಳಗೆ ಹರವಿದೆ.
ಇವೆರಡನ್ನೂ ಮಾಡಿದ್ದು ಒಬ್ಬಳೇ. ನಾನೇ.

ಶನಿವಾರ ಗಾಜಿನ ಬಾಗಿಲಿಗೆ ಪಟ್ಟಿ ಅಂಟಿತು.
ಇಬ್ಬರೂ ಕೆಳಗಿನಿಂದ ಮೇಲಕ್ಕೆ ಓದಿದೆವು.
ಹನ್ನೆರಡು: ಲಿಯಾ.
ಚೆಂಗಪ್ಪನವರು ಸೀಟಿಯ ದಾರ ಬೆರಳಿಗೆ ಸುತ್ತುತ್ತಾ ಅಂದರು,
‘ಆರಡಿ ಎರಡಿಂಚು ಕಣಮ್ಮಾ. ಬೇರೆಲ್ಲ ಕಲಿಸಬಲ್ಲೆ.’
ಅತ್ತ ಲಿಯಾ ಅಳುತ್ತಿದ್ದಳು, ಅಷ್ಟೆತ್ತರದಿಂದ,
ತನ್ನದೇನೋ ತಪ್ಪು ಎಂಬಂತೆ.

ಹೊರಗೆ ಬಿಸಿಲು, ಹಾರ್ನು, ಕಬ್ಬನ್ ಪಾರ್ಕಿನ ಕಡೆಯಿಂದ
ನಾಯಿ ಹಿಡಿದು ಬರುವ ಜನ.
ಒಂದು ಅಂಗಿಯನ್ನು ಬೈಟು ಮಾಡಲು ಬರುವುದಿಲ್ಲ.
ಕಾಫಿಯನ್ನು ಬರುತ್ತದೆ.
ನಿಂತೇ ಕುಡಿದೆವು, ಬ್ಯಾಗು ಕಾಲುಗಳ ನಡುವೆ.

‘ಅಕ್ಕಾ, ಅವತ್ತು ನೀನೇ ಎಸೆದಿದ್ದರೆ?’
ಅಂದಳು, ಲೋಟದೊಳಗೇ ನೋಡುತ್ತಾ.

ನಾನೂ ಅವಳ ಲೋಟದೊಳಗೆ ನೋಡಿದೆ.
ಅವಳದರಲ್ಲಿ
ಒಂದು ಗುಟುಕು ಜಾಸ್ತಿ ಇತ್ತು.