ಮೂರನೇ ಎಳಿ

ವಾಸ್ಕೋದ ಗುಜರಿಯಾಗ ತೂಕಕ್ಕ ತಂದ ಮೋಟಾರು,
ಎರಡು ಎಚ್‌ಪಿ, ಮೂರು ಫೇಸಿಂದು.
ಜುವಾರಿನಗರದ ನಮ್ಮ ಮನಿಗೆ ಬರೂದು ಒಂದ ಫೇಸು.
ಮೂರು ಬೇಕಂದ್ರ ಜಾಗದ ಕಾಗದ ತಾ ಅಂತಾರ ಆಫೀಸಿನಾಗ.
ಜಾಗಕ್ಕ ಕಾಗದ ಇದ್ದಿದ್ರ
ಗುಜರಿ ಮೋಟಾರು ಯಾಕ ತರ್ತಿದ್ದೆ?

ಸ್ವಿಚ್ ಒತ್ತಿದೆ. ಗುಂಯ್ ಅಂತು.
ಹೊರಿ ಹೊತ್ತು ಏಳಲಾರದವರಂಗ
ಕುಂತಲ್ಲೇ ನಡುಗಿತು.
ಸುಟ್ಟ ವಾಸನಿ ಬರೂದರಾಗ ಆರಿಸಿದೆ.

ವೈಂಡಿಂಗ್ ಮೌಲಾಸಾಬ ಬಂದ,
ಅರ್ಧ ಬೀಡಿ ಆರಿಸಿ ಕಿವಿಗಿಟ್ಟ.
"ಬೈನಾದಾಗ ಒಂದನ್ನ ಹಗ್ಗ ಸುತ್ತಿ ಎಳದು ಓಡಿಸ್ಯಾರ.
ಒಮ್ಮೆ ತಿರುಗಿತಂದ್ರ ಮುಗೀತು, ತಾನ ಓಡ್ತೈತಿ.
ಆದ್ರ ನಿಮ್ಮ ರಟ್ಟಿ..." ಅಂತ ನನ್ನ ನೋಡಿ ನಕ್ಕ.
ಚೀಲದಿಂದ ಎರಡು ಕೆಪಾಸಿಟರ್ ತಗದ,
ತಲಿಗೆ ಹಚ್ಚೂ ಎಣ್ಣಿ ಡಬ್ಬಿಯಂಥವು.
"ಇದ್ದ ಕರೆಂಟನ್ನ ಚೂರು ಹಿಂದ ಮುಂದ ಮಾಡಿ ಕಳಸ್ತಾವ,
ಮೋಟಾರು ಅದನ್ನ ಮೂರನೇದು ಅಂತ ನಂಬ್ತೈತಿ.
ಇದು ಶುರುವಿಗೆ, ಮೂರು ಎಣಿಸಿ ಗುಂಡಿ ಬಿಡ್ರಿ.
ಅದು ಕಡೀತನಕ ಜೋಡಿಗಿರ್ತೈತಿ.
ಬಲ ಮಾತ್ರ ಮೂರರಾಗ ಒಂದು ಪಾಲು ಹೋತು, ಅಕ್ಕಾ,
ಗಿರಣಿ ಬಾಯಿತುಂಬ ಮೆಣಸಿನಕಾಯಿ ಹಾಕಬ್ಯಾಡ್ರಿ."

ತಿರುಗಿತು.
ಘಾಟಿಗೆ ಇಬ್ಬರೂ ಕೆಮ್ಮಿಕೋತ ಹೊರಗ ಓಡಿದ್ವಿ,
ರೊಕ್ಕದ ಮಾತು ಆಮ್ಯಾಲ ಆತು.

ಈಗ ದಿನಾ ಹನ್ನೊಂದಕ್ಕ
ಗ್ವಾಡಿ ಬಡದು ಕೂಗ್ತೀನಿ, "ಫಿಲೋಮಿನಾ, ಹಚ್ಚಲೇನ?"
ಆಕಿ ಫ್ರಿಜ್ಜು ಬಂದ್ ಮಾಡಿ
"ಚಾಲು ಕರ್ ಗೋ" ಅಂತಾಳ.
ಗುಂಡಿ ಒತ್ತಿ ಎಣಿಸ್ತೀನಿ, ಒಂದು, ಎರಡು,
ಎರಡೂ ಮನಿ ಬಲ್ಬು ಕೆಂಪಾಗಿ ಕುಗ್ಗಿ
ಮತ್ತ ಏಳೂತನಕ.