ನಂಬರ್ ಹೇಳಿ

‘ನಂಬರ್ ಹೇಳಿ’ ಅನ್ನುತ್ತಾಳೆ ಕೌಂಟರಿನ ಹುಡುಗಿ.
ಕಾಟನ್‌ಪೇಟೆಯ ನಮ್ಮ ವಠಾರದಲ್ಲಿ ಮನೆ ಎಂಟು,
ಎಂಟರ ಬಾಯಲ್ಲೂ ನಂಬರು ಒಂದೇ, ನನ್ನದು.
ಫಿಲೋಮಿನಾಳ ಮಗ ಎರಡರ ಮಗ್ಗಿಗೆ ಮುಂಚೆ
ಬಾಯಿಪಾಠ ಮಾಡಿದ್ದು ಅದನ್ನ.

ಇಪ್ಪತ್ತಾರು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವಳು ನಾನು.
ಒಂಟಿ ಚಿಲ್ಲರೆ ಸೆರಗಿನ ಗಂಟಲ್ಲೇ ಸವೆಯುತ್ತೆ,
ನಾಲ್ಕು ಕಡೆಯದು ಸೇರಿದರೆ ತೊಗರಿಬೇಳೆಯಾಗುತ್ತೆ.

ತಿಂಗಳ ಮೊದಲ ಬುಧವಾರ ಅಂಕ ದುಪ್ಪಟ್ಟು.
ಪೇಪರಿನಿಂದ ಕತ್ತರಿಸಿದ ಕೂಪನ್ ಮೊದಲು,
ಆಮೇಲೆ ಅಂಕ,
ಕೊನೆಗೆ ತಬಸ್ಸುಮಳ ಕಾರ್ಡು, ನೂರಕ್ಕೆ ಐದು ವಾಪಸ್ಸು.
ಚೀಲ ಮನೆಯದ್ದು.
ಈ ಸಾಲು ತಪ್ಪಕೂಡದು. ಅಂಕ ಮೊದಲು ಕಳೆದರೆ
ಬಿಲ್ಲು ಸಾವಿರದೈನೂರರ ಕೆಳಗಿಳಿದು
ಕೂಪನ್ ಬರೀ ಕಾಗದ.
ಹಿಂದೆ ನಿಂತವರು ಕೆಮ್ಮುತ್ತಾರೆ. ಕೆಮ್ಮಲಿ.
ಸಂಜೆ ಆರೂವರೆಗೆ, ಮೆಜೆಸ್ಟಿಕ್ಕಿನಿಂದ ಬನಶಂಕರಿಗೆ,
ಎಂಬತ್ತು ಜನ ಕೆಮ್ಮಿದ್ದನ್ನು ಕೇಳಿದ ಕಿವಿ ಇದು.

ಹಂಚುವುದು ನಲ್ಲಿಕಟ್ಟೆಯ ಪಕ್ಕ.
ಐದು ಲೀಟರ್ ಎಣ್ಣೆ, ಲೋಟದ ಅಳತೆ, ಎಂಟು ಬಾಟಲಿ.
ಎರಡು ಕೊಂಡರೆ ಒಂದು ಬಿಟ್ಟಿ ಬಂದ ಸೋಪು
ಮೂರು ಬಚ್ಚಲಿಗೆ.
ಒಂದು ಬುಧವಾರ ಉಳಿದದ್ದು ಮುನ್ನೂರ ಹದಿನಾಲ್ಕು:
ತಲಾ ಮೂವತ್ತೊಂಬತ್ತು, ಮಿಕ್ಕಿದ್ದು ಎರಡು ರೂಪಾಯಿ.

ಆ ಎರಡು ರೂಪಾಯಿ.
ಏಳನೇ ಮನೆಯ ತುಳಸಾಬಾಯಿ ಬಾಟಲಿಗೆ ಬಿರಡೆ ಹಾಕುತ್ತಾ ಅಂದಳು,
‘ಮಿಕ್ಕಿದ್ದು ಪ್ರತೀ ಸಲ ನಂಬರಿದ್ದವರ ಹತ್ತಿರವೇ ಉಳಿಯುತ್ತೆ,
ಕಂಡಕ್ಟರ್ ಬುದ್ಧಿ.’
ಕಲ್ಲು ತೂರಿದವರನ್ನ ಮರೆತಿದ್ದೇನೆ, ಈ ಮಾತನ್ನಲ್ಲ.
‘ಹಾಗಾದರೆ ನಿನ್ನ ನಂಬರು ನೀನೇ ಹೇಳ್ಕೋ’ ಅಂದೆ.

ಎರಡು ತಿಂಗಳಿಗೆ ಅವಳ ಗಂಡನ ಹೊಲಿಗೆ ಮಿಷನ್ನು,
ಟ್ರಂಕು, ಬಾಟಲಿ, ಎಲ್ಲ ಲಗೇಜ್ ಆಟೋ ಹತ್ತಿದವು.
ಕೆಂಗೇರಿಗಂತೆ.
ಅವಳು ನನ್ನ ಬಾಗಿಲ ಕಡೆ ನೋಡಲಿಲ್ಲ.
ನಾನೂ ಒಳಗೆ ಬರೀ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದೆ.

ಮೂರನೇ ಶನಿವಾರ, ರಾತ್ರಿ ಎಂಟೂ ನಲವತ್ತಕ್ಕೆ ಮೆಸೇಜು:
ಕೆಂಗೇರಿ ಉಪನಗರ ಶಾಖೆ. ಇಂದಿನ ಖರೀದಿಗೆ ಹನ್ನೊಂದು ಅಂಕ.
ಯಾರದೋ ತಪ್ಪು ಅಂದುಕೊಂಡೆ.
ಮುಂದಿನ ಶನಿವಾರವೂ ಅದೇ ತಪ್ಪು, ಅದೇ ಹೊತ್ತಿಗೆ.
ಅಲ್ಲಿಯ ಹುಡುಗಿಯೂ ‘ನಂಬರ್ ಹೇಳಿ’ ಅಂದಿರಬೇಕು,
ನಾಲಿಗೆ ತಾನಾಗಿ ಹೇಳಿರಬೇಕು.
ಇಲ್ಲಾ ಬೇಕಂತಲೇ.
ಅದು ನನಗೆ ಬಗೆಹರಿದಿಲ್ಲ.

ಮೆಸೇಜಿನ ತಳ ಒತ್ತಿದರೆ ಬಿಲ್ಲೇ ತೆರೆದುಕೊಳ್ಳುತ್ತೆ.
ಸಕ್ಕರೆ ನಿಂತಿದೆ: ಗಂಡನಿಗೆ ಮತ್ತೆ ಏರಿದೆ.
ಎಣ್ಣೆ ಅರ್ಧ ಲೀಟರಿನದು, ಪೂರ್ತಿ ಬೆಲೆಗೆ. ಅಯ್ಯೋ.
ಜೂನಿನಲ್ಲಿ ಓಮದ ನೀರು, ಎಳೆಗೂಸಿನ ಸೋಪು:
ಸೊಸೆ ಹೆತ್ತಿದ್ದಾಳೆ.
ಗಂಡೋ ಹೆಣ್ಣೋ, ಬಿಲ್ಲಿನಲ್ಲಿ ಬರೆಯುವುದಿಲ್ಲ.

ಅವಳ ಅಂಕ ನಾನು ಮುಟ್ಟಿಲ್ಲ.
ಹಳೇ ಟಿಕೆಟ್ಟೊಂದರ ಬೆನ್ನಿಗೆ ಬೇರೆಯೇ ಬರೆದಿದ್ದೇನೆ:
ತುಳಸಾ, ಇನ್ನೂರ ನಲವತ್ತಾರು. ಕೆಳಗೆ, ಎರಡು ರೂಪಾಯಿ.
ಹೀಗೆ ಬರೆದುಕೊಟ್ಟ ಚಿಲ್ಲರೆ
ಕೇಳದೆ ಇಳಿದುಹೋದವರು ಎಷ್ಟೋ ಜನ.
ನವರಂಗ್ ಸ್ಟಾಪಿನಲ್ಲಿ ಇಳಿದ ಹುಡುಗನ ಏಳು ರೂಪಾಯಿ
ಇವತ್ತಿಗೂ ನನ್ನ ಹತ್ತಿರ ಇದೆ.

ಮಾರ್ಚ್ ಮೂವತ್ತೊಂದಕ್ಕೆ ಅಂಕ ಎಲ್ಲ ರದ್ದು
ಅಂತ ಮೆಸೇಜಿನ ಕೊನೇ ಸಾಲು. ಇವತ್ತು ಇಪ್ಪತ್ತಾರು.
ಕೆಂಗೇರಿ ಬಸ್ಸು ನಮ್ಮ ಬೀದಿ ತುದಿಗೇ ಬರುತ್ತೆ,
ಹೆಂಗಸರಿಗೆ ಈಗ ಟಿಕೆಟ್ಟು ಸೊನ್ನೆ.
ಎಲ್ಲಾ ರಿಯಾಯಿತಿ ಲೆಕ್ಕ ಹಾಕುವ ನಾನು
ಇದೊಂದನ್ನು ಇನ್ನೂ
ಬಳಸಿಲ್ಲ.